ಮುದೀರ್ ಆಮ್ ಆಗಬೇಕಿದ್ದ ಗಲಾಲ್ ಬಸ್ಯೂನಿ

ಅತ್ತೆ ಬೇಗ ಸಾಯಬಾರದು ಎಂದು ಹರಕೆ ಹೊತ್ತ ಅಳಿಯ ಇಡೀ ಕೈರೋದಲ್ಲಿ ಗಲಾಲ್ ಬಸ್ಯೂನಿ ಒಬ್ಬನೇ ಇದ್ದಿರಬೇಕು. ಶುಕ್ರವಾರದ ನಮಾಜು ಮುಗಿದ ಮೇಲೆ ಅವನು ಸಯ್ಯಿದಾ ಝೈನಬ್ ದರ್ಗಾದ ಜಾಲರಿ ಹಿಡಿದು ನಿಂತು, ಅತ್ತೆ ಸನಿಯ್ಯಾ ಹಾನಿಮ್‌ಗೆ ಇನ್ನೊಂದಿಷ್ಟು ಆಯುಸ್ಸು ಸಿಗಲಿ ಎಂದು ಕಣ್ಣಲ್ಲಿ ನೀರು ತಂದುಕೊಂಡು ಬೇಡುತ್ತಿದ್ದ. ಮನೆಯಲ್ಲಿ ಅವಳ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಮಂಡಿಗೆ ಹಚ್ಚುವ ಎಣ್ಣೆ ಎಲ್ಲ ಅವನದೇ ಉಸ್ತುವಾರಿ. ಸೋಂಪಿನ ಕಷಾಯವನ್ನೂ ಅವನೇ ಕಾಸಿ, ಊದಿ ಆರಿಸಿ ಕೊಡುತ್ತಿದ್ದ. ಮನಿಯಲ್‌ನ ಆ ಬೀದಿಯ ಹೆಂಗಸರು ತಮ್ಮ ಅಳಿಯಂದಿರ ಮೂತಿಗೆ ತಿವಿಯಲು ಅವನ ಹೆಸರನ್ನೇ ಬಳಸುತ್ತಿದ್ದರು. ಹೆಂಡತಿ ಇನ್ಷಿರಾಹ್ ಅಂತೂ, ನನ್ನ ಅಮ್ಮನನ್ನು ಹೀಗೆ ನೋಡಿಕೊಳ್ಳುವ ಗಂಡ ಯಾರಿಗುಂಟು ಎಂದು, ಅವನ ಉಳಿದೆಲ್ಲ ದಡ್ಡತನಗಳನ್ನು ಮಾಫಿ ಮಾಡಿಬಿಟ್ಟಿದ್ದಳು.

ಅವನಿಗೆ ಬೇಕಿದ್ದದ್ದು ಅತ್ತೆಯಲ್ಲ, ಸಮಯ. ಕಂಪನಿಯಲ್ಲಿ ತನಗೆ ಮುದೀರ್ ಆಮ್, ಅಂದರೆ ಪ್ರಧಾನ ವ್ಯವಸ್ಥಾಪಕನ, ಪದವಿ ಬರುವವರೆಗೆ ಮುದುಕಿ ಉಸಿರು ಹಿಡಿದುಕೊಂಡಿದ್ದರೆ ಸಾಕಿತ್ತು.

ಇದು ಅರ್ಥವಾಗಬೇಕಾದರೆ ಅವನ ಮಾವ ತೀರಿಕೊಂಡಾಗ ಏನಾಯಿತೆಂದು ಹೇಳಬೇಕು. ನಮ್ಮಲ್ಲಿ ಒಳ್ಳೆಯ ಮನೆತನದವರು ಸತ್ತರೆ, ಪತ್ರಿಕೆಯ ಶೋಕವಾರ್ತೆಯಲ್ಲಿ ಸತ್ತವರಿಗಿಂತ ಬದುಕಿರುವವರದೇ ದರ್ಬಾರು. ಇಂಥ ಜನರಲ್‌ನ ತಂದೆ, ಇಂಥ ನ್ಯಾಯಾಧೀಶರ ಮಾವ, ಇಂಥ ಆಸ್ಪತ್ರೆಯ ದೊಡ್ಡ ವೈದ್ಯರ ಚಿಕ್ಕಪ್ಪ ಎಂದು ಹೆಸರು ಹುದ್ದೆಗಳು ಸಾಲುಗಟ್ಟಿ ನಿಲ್ಲುತ್ತವೆ. ಬೆಳಗಿನ ಚಹಾದ ಜೊತೆ ಅದನ್ನು ಓದುವವರು ಸತ್ತವರಿಗೆ ಒಂದು ದುವಾ ಹೇಳಿ ಮುಗಿಸಿ, ಆಮೇಲೆ ಯಾರ ಮಗ ಎಲ್ಲಿಯವರೆಗೆ ಏರಿದ, ಯಾರ ಅಳಿಯ ಅಲ್ಲೇ ಕೊಳೆಯುತ್ತಿದ್ದಾನೆ ಎಂದು ಅಳೆಯಲು ಕೂರುತ್ತಾರೆ. ಮುದೀರ್ ಆಮ್‌ಗಿಂತ ಕೆಳಗಿನ ಹುದ್ದೆಯನ್ನು ಅಲ್ಲಿ ಹಾಕಿಸುವುದೇ ನಾಚಿಕೆಗೇಡು. ಮಾವನ ವಾರ್ತೆಯಲ್ಲಿ ಮಗ ಸಮೀಹ್ ಸೇನೆಯ ಜನರಲ್, ದೊಡ್ಡ ಅಳಿಯ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ. ಎಲ್ಲರದೂ ಆದ ಮೇಲೆ, ಕಟ್ಟಕಡೆಯಲ್ಲಿ, 'ಮತ್ತು ಗಲಾಲ್ ಬಸ್ಯೂನಿಯ ಮಾವ' ಎಂದು ಬಂದಿತ್ತು. ಹಿಂದಿಲ್ಲ, ಮುಂದಿಲ್ಲ. ಮುಖ ತೊಳೆಯದೆ ಮದುವೆಮನೆಗೆ ಬಂದವನ ಹಾಗೆ ಆ ಹೆಸರು ಅಲ್ಲಿ ನಿಂತಿತ್ತು.

ಅವತ್ತೇ ಅವನು ತೀರ್ಮಾನಿಸಿದ. ಅತ್ತೆಯ ಶೋಕವಾರ್ತೆಯಲ್ಲಿ ಹೀಗಾಗಕೂಡದು.

ಮುದುಕಿಗೆ ಇದು ಗೊತ್ತಾಗದೆ ಇರಲಿಲ್ಲ. ತೊಂಬತ್ತು ಸಮೀಪಿಸಿದ್ದರೂ ಅವಳ ಕಿವಿ ಪಕ್ಕದ ಮನೆಯ ಜಗಳದಲ್ಲಿ ಯಾರು ಮೊದಲು ಅತ್ತರು ಎಂದು ಹೇಳುವಷ್ಟು ಚುರುಕಾಗಿತ್ತು. ಒಂದು ದಿನ ಅಳಿಯ ಕಷಾಯ ಹಿಡಿದು ನಿಂತಿದ್ದಾಗ, ಈ ಸೇವೆಯೆಲ್ಲ ಪೇಪರಿನಲ್ಲಿ ಹೆಸರು ಬರಲಿ ಅಂತ ತಾನೇ ಎಂದು ಕೇಳಿಯೇಬಿಟ್ಟಳು. ಗಲಾಲ್‌ನ ಮುಖ ಹುಳ್ಳಗಾಯಿತು. ಅವನು ದೇವರಾಣೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಚಾಚಿ ಲೋಟ ತೆಗೆದುಕೊಂಡಳು.

"ಆಣೆ ಗೀಣೆ ಬೇಡ ಅಳಿಮಯ್ಯ. ಕಾರಣ ಏನಾದ್ರೂ ಆಗ್ಲಿ, ಕಷಾಯ ಬಿಸಿಯಾಗಿದೆ. ನನ್ನ ಸ್ವಂತ ಮಗ ಜನರಲ್ಲು, ಅವನ ಕೈಲಿ ಒಂದು ಲೋಟ ನೀರು ಕಂಡಿಲ್ಲ ನಾನು."

ಅಂದಿನಿಂದ ಇಬ್ಬರ ನಡುವೆ ಒಂದು ಒಪ್ಪಂದವಿದ್ದ ಹಾಗೆ ಆಯಿತು. ಅವನು ಪದವಿ ತರಬೇಕು, ಅವಳು ಅಲ್ಲಿಯವರೆಗೆ ಕಾಯಬೇಕು. ಇನ್ಷಿರಾಹ್‌ಗೆ ಮಾತ್ರ ಇದರ ವಾಸನೆಯೂ ಇರಲಿಲ್ಲ.

ಗಲಾಲ್ ದುಡಿಯುತ್ತಿದ್ದದ್ದು ಹಿಲ್ವಾನ್‌ನ ಹುದ್‌ಹುದ್ ಕಾರು ಕಾರ್ಖಾನೆಯ ಸಾರ್ವಜನಿಕ ಸಂಪರ್ಕದ ವಿಭಾಗದಲ್ಲಿ. ಕಾರಿನ ಬಗ್ಗೆ ಅವನಿಗೆ ಏನೂ ತಿಳಿಯದು, ತಿಳಿಯುವ ಅಗತ್ಯವೂ ಬಿದ್ದಿರಲಿಲ್ಲ. ಅವನ ವಿದ್ಯೆ ಬೇರೆ. ಹೊಸ ಮುಖ್ಯಸ್ಥ ಬಂದರೆ ಪತ್ರಿಕೆಯಲ್ಲಿ ಅಭಿನಂದನೆಯ ಜಾಹೀರಾತು, ಅವನ ಮಗಳ ಮದುವೆಗೆ ಶುಭಾಶಯ, ಅವನ ಅಣ್ಣ ಸತ್ತರೆ ಸಂತಾಪ. ಯಾರಿಗೆ 'ಮಹನೀಯರು' ಹಾಕಬೇಕು, ಯಾರಿಗೆ 'ಘನತೆವೆತ್ತ' ಹಾಕಬೇಕು ಎನ್ನುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಂಜಿನಿಯರನ್ನು ಎಂಜಿನಿಯರ್ ಎಂದು, ಎಂಜಿನಿಯರ್ ಅಲ್ಲದವನನ್ನೂ ಎಂಜಿನಿಯರ್ ಎಂದು ಕರೆದು ಅವನು ಎಲ್ಲರಿಗೂ ಬೇಕಾದವನಾಗಿದ್ದ. ಬಂದ ಯಜಮಾನರೆಲ್ಲರ ಮುಂದೆ ಅವನ ಬೆನ್ನು ಒಂದೇ ಅಳತೆಗೆ ಬಾಗುತ್ತಿತ್ತು. ಅವರೆಲ್ಲ ಅವನನ್ನು ಮುದೀರ್ ಆಮ್ ಮಾಡುವುದಾಗಿ ಹೇಳಿ, ಮಾಡುವ ಮೊದಲೇ ಕಂಪನಿಯನ್ನು ಇನ್ನಷ್ಟು ಮುಳುಗಿಸಿ ಹೋಗಿದ್ದರು.

ಮುಳುಗುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಹುದ್‌ಹುದ್ ಕಾರನ್ನು ಹಿಂದೆ ಸರ್ಕಾರಿ ನೌಕರರು ಚೀಟಿ ಹಾಕಿ ವರ್ಷಗಟ್ಟಲೆ ಕಾದು ಕೊಳ್ಳುತ್ತಿದ್ದರು. ಹೊರದೇಶದ ಕಾರುಗಳು ಬಂದ ಮೇಲೆ ಅದನ್ನು ಕೊಳ್ಳುವವರೆಂದರೆ ಟ್ಯಾಕ್ಸಿಯವರು ಮತ್ತು ಹಣ ಕಳೆದುಕೊಳ್ಳಲೇಬೇಕೆಂದು ಹಟ ಹಿಡಿದವರು. ಬೇಸಿಗೆಯಲ್ಲಿ ಎಂಜಿನ್ ಕುದಿಯುತ್ತಿತ್ತು, ಚಳಿಗಾಲದಲ್ಲಿ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಮಾರಾಟವಾಗದ ಕಾರುಗಳು ಸಾಲಾಗಿ ನಿಂತು, ಅವುಗಳ ಕೆಳಗೆ ಬೆಕ್ಕುಗಳು ಸಂಸಾರ ಹೂಡಿದ್ದವು.

ಆಗ ಕಂಪನಿಯ ಆಡಳಿತ ಮಂಡಳಿಯ ಮಹಾನುಭಾವರಿಗೆ ಜ್ಞಾನೋದಯವಾಯಿತು. ಕಾರು ಗೊತ್ತಿರುವವರನ್ನೆಲ್ಲ ಕೂರಿಸಿ ನೋಡಿಯಾಯಿತು, ಈಗ ಕಾರು ಗೊತ್ತಿಲ್ಲದವನನ್ನು ತರೋಣ ಎಂದರು. ಈಜು ಬಾರದವನೇ ನೀರಿಗೆ ಹೊಸ ದೃಷ್ಟಿ ಕೊಡುತ್ತಾನೆ ಎನ್ನುವ ಹಾಗಿತ್ತು ಅವರ ತರ್ಕ. ಹಾಗೆ ಬಂದವನು ಡಾಕ್ಟರೇಟು ಹೊತ್ತ ದಕ್ತೂರ್ ವಗ್ದಿ. ಹುಟ್ಟಿದ್ದು ಇಲ್ಲೇ, ಬೆಳೆದದ್ದು ಕೆನಡಾದಲ್ಲಿ, ಹೆಸರು ಮಾಡಿದ್ದು ಕೊಲ್ಲಿ ದೇಶಗಳಲ್ಲಿ ಆಲೂಗಡ್ಡೆ ಚಿಪ್ಸ್ ಮಾರಿ.

ಗಲಾಲ್ ವಾಡಿಕೆಯಂತೆ ಅರ್ಧ ಪುಟದ ಅಭಿನಂದನೆ ಹಾಕಿಸಿದ. ಮನೆಗೆ ಬಂದು ಅತ್ತೆಗೆ ಪತ್ರಿಕೆ ತೋರಿಸಿದ. ಅವಳು ಕನ್ನಡಕ ಏರಿಸಿಕೊಂಡು ಹೊಸ ಯಜಮಾನನ ಚಿತ್ರವನ್ನು ಬಹಳ ಹೊತ್ತು ನೋಡಿ, ಈತ ಏನು ಮಾರುತ್ತಿದ್ದ ಎಂದು ಕೇಳಿದಳು. ಚಿಪ್ಸು ಎಂದ.

"ಹಂಗಾದ್ರೆ ಸರಿಯಾಗೇ ಆರಿಸಿದ್ದಾರೆ," ಎಂದಳು. "ನಿಮ್ಮ ಕಾರೂ ಮುಟ್ಟಿದ್ರೆ ಮುರಿಯುತ್ತೆ."

ದಕ್ತೂರ್ ವಗ್ದಿಗೆ ನಮ್ಮ ಮಾತು ಬರುತ್ತಿತ್ತು, ಮಾತಿನ ಒಳಗಿನ ವ್ಯವಹಾರ ಬರುತ್ತಿರಲಿಲ್ಲ. ಬಂದ ಮೊದಲ ವಾರವೇ ಅದು ಬಯಲಾಯಿತು. ಗೇಟಿನ ಕಾವಲುಗಾರ ಬೆಳಿಗ್ಗೆ ಪತ್ರಿಕೆ ಹಾಸಿಕೊಂಡು ಅವರೆಬೇಳೆಯ ಫೂಲ್, ಈರುಳ್ಳಿ, ರೊಟ್ಟಿ ಇಟ್ಟುಕೊಂಡು ಕೂತಿದ್ದ. ಯಜಮಾನ ನಡೆದು ಬರುವುದನ್ನು ಕಂಡು, ಎಲ್ಲರೂ ಹೇಳುವ ಹಾಗೆ, ಬನ್ನಿ ಪಾಶಾ, ಊಟ ಮಾಡೋಣ ಎಂದ. ಇದಕ್ಕೆ ಉತ್ತರ ಎದೆಯ ಮೇಲೆ ಕೈಯಿಟ್ಟು, ನಿಮಗೆ ಅರಗಲಿ ಎಂದು ಹೇಳಿ ಮುಂದೆ ಹೋಗುವುದು. ಕರೆಯುವವನೂ ತುತ್ತು ಕೊಡುವ ಇರಾದೆಯಿಂದ ಕರೆದಿರುವುದಿಲ್ಲ, ಕರೆಸಿಕೊಂಡವನೂ ತಿನ್ನುವ ಆಸೆಯಿಂದ ನಿಂತಿರುವುದಿಲ್ಲ. ದಕ್ತೂರ್ ವಗ್ದಿ ಪ್ಯಾಂಟು ಮೇಲೆಳೆದುಕೊಂಡು ನೆಲದ ಮೇಲೆ ಕೂತು, ಫೂಲ್ ಪೂರ್ತಿ ಬಳಿದು ತಿಂದು, ಧನ್ಯವಾದ ಹೇಳಿ ಹೋದ. ಕಾವಲುಗಾರ ಮಧ್ಯಾಹ್ನದವರೆಗೆ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಕೂತಿದ್ದ. ಈ ಕಥೆಯನ್ನು ಇಡೀ ಕಾರ್ಖಾನೆಯಲ್ಲಿ ಹಲ್ಲುಗಿಂಜಿ ಹೇಳಿಕೊಂಡು ತಿರುಗಿದವನು ಗಲಾಲ್. ನಕ್ಕವನಿಗೆ ಅದರಿಂದ ಏನಾದರೂ ಕಲಿಯುವ ಬುದ್ಧಿ ಬರಲಿಲ್ಲ.

ಹೊಸ ಯಜಮಾನನ ಸುಧಾರಣೆಗಳು ಶುರುವಾದವು. ಚಿಪ್ಸ್ ಗೆಲ್ಲುವುದು ರುಚಿಯಿಂದಲ್ಲ, ಸದ್ದಿನಿಂದ ಎಂದು ಅವನು ಎಂಜಿನಿಯರ್‌ಗಳಿಗೆ ಉಪನ್ಯಾಸ ಕೊಟ್ಟ. ಬಾಯಿಗಿಟ್ಟಾಗ ಕರುಂ ಎನ್ನಬೇಕು. ಕಾರಿನಲ್ಲಿ ಕರುಂ ಎನ್ನಬೇಕಾದದ್ದು ಬಾಗಿಲು. ಹಾಗಾಗಿ ಎಂಜಿನ್ ಕುದಿಯುವ ವಿಷಯವನ್ನು ಬದಿಗಿಟ್ಟು, ಎಂಜಿನಿಯರ್‌ಗಳ ಒಂದು ತಂಡ ತಿಂಗಳುಗಟ್ಟಲೆ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಕಿವಿಗೊಟ್ಟು ಕೂತಿತು. ಬಣ್ಣಗಳನ್ನು ಇನ್ನು ಮೇಲೆ ಸ್ವಾದ ಎಂದು ಕರೆಯಬೇಕೆಂದು ಆಜ್ಞೆಯಾಯಿತು. ಕೆಂಪು ಕಾರು ಮೆಣಸಿನ ಸ್ವಾದ, ಹಸಿರು ಕಾರು ನಿಂಬೆಯ ಸ್ವಾದ. ಕಾರಿನ ಹೊರಮೈಯನ್ನು ಉಬ್ಬಿಸಿ ದೊಡ್ಡದು ಮಾಡಿದರು, ಒಳಗೆ ಅದೇ ಹಳೆಯ ಎಂಜಿನ್. ಪೊಟ್ಟಣದ ತುಂಬ ಗಾಳಿ ತುಂಬುವ ವಿದ್ಯೆಯನ್ನು ಆ ಮನುಷ್ಯ ಅಷ್ಟು ದೂರದಿಂದ ಹೊತ್ತು ತಂದಿದ್ದ.

ಗಲಾಲ್ ಇದಕ್ಕೆಲ್ಲ ಬೆಪ್ಪಾಗಿ ಚಪ್ಪಾಳೆ ತಟ್ಟಿದ. ಬಾಗಿಲಿನ ಸದ್ದಿನ ಉದ್ಘಾಟನೆಗೆ ಪತ್ರಕರ್ತರನ್ನು ಕರೆಸಿ, ಬಸ್‌ಬೂಸಾ ಸಿಹಿ ತಿನ್ನಿಸಿ, ಒಬ್ಬೊಬ್ಬರ ಕೈಯಿಂದಲೂ ಬಾಗಿಲು ಹಾಕಿಸಿದ. ಮರುದಿನ ಎಲ್ಲ ಪತ್ರಿಕೆಗಳಲ್ಲಿ ಹುದ್‌ಹುದ್ ಬಾಗಿಲಿನ ಬಗ್ಗೆ ಒಳ್ಳೆಯ ಮಾತೇ ಬಂತು. ಯಾರೂ ಎಂಜಿನ್ ಚಾಲೂ ಮಾಡಿ ನೋಡಿರಲಿಲ್ಲ, ನೋಡಲು ಗಲಾಲ್ ಬಿಟ್ಟಿರಲೂ ಇಲ್ಲ. ಅವನಿಗೆ ಅರವತ್ತು ತುಂಬಿ ನಿವೃತ್ತಿಯಾಗಲು ಇನ್ನು ವರ್ಷವೂ ಉಳಿದಿರಲಿಲ್ಲ. ಅತ್ತೆಗೆ ಉಸಿರಾಟದ ತೊಂದರೆ ಶುರುವಾಗಿತ್ತು.

ಒಂದು ಬೆಳಿಗ್ಗೆ ದಕ್ತೂರ್ ವಗ್ದಿ ಅವನನ್ನು ಕೋಣೆಗೆ ಕರೆದ. ಪತ್ರಿಕೆಯ ತುಣುಕುಗಳು ಮೇಜಿನ ಮೇಲೆ ಹರಡಿದ್ದವು. ಮನುಷ್ಯ ಖುಷಿಯಾಗಿದ್ದ.

"ಗಲಾಲ್, ಒಂದು ಮುದೀರ್ ಆಮ್ ಜಾಗ ಖಾಲಿ ಇದೆಯಂತೆ. ನಿಮಗೆ ಕೊಡೋಣ ಅಂತಿದ್ದೀನಿ. ಬೇಕಾ?"

ಅಷ್ಟೊಂದು ವರ್ಷ ಕಾದ ಮಾತು ಯಾರೋ ಪೆನ್ನು ಬೇಕಾ ಎಂದು ಕೇಳಿದಷ್ಟು ಸಲೀಸಾಗಿ ಎದುರಿಗೆ ಬಂದು ನಿಂತಿತ್ತು. ಆದರೆ ಕೊಟ್ಟ ಕೂಡಲೇ ಕೈ ಒಡ್ಡುವುದು ಭಿಕ್ಷುಕನ ಲಕ್ಷಣ. ಮರ್ಯಾದಸ್ಥನು ಮೊದಲು ಬೇಡವೆನ್ನಬೇಕು, ಕೊಡುವವನು ದೇವರಾಣೆ ಹಾಕಬೇಕು. ಇವನು ಮತ್ತೆ ಬೇಡವೆನ್ನಬೇಕು, ಅವನು ಮಕ್ಕಳಾಣೆ ಹಾಕಬೇಕು. ಆಮೇಲೆ ಇವನು, ನಿಮ್ಮ ಮಾತು ಮೀರುವುದು ಹೇಗೆ ಎಂದು ತಲೆತಗ್ಗಿಸಿ ತೆಗೆದುಕೊಳ್ಳಬೇಕು. ಒಂದು ಲೋಟ ಚಹಾಕ್ಕೇ ಇಷ್ಟು ನಡೆಯುತ್ತದೆ. ಮುದೀರ್ ಆಮ್ ಪದವಿಗೆ ನಡೆಯದಿದ್ದರೆ ಹೇಗೆ?

"ಅಸ್ತಗ್‌ಫಿರುಲ್ಲಾ, ಅಫಂದಿಂ," ಎಂದ ಗಲಾಲ್, ಎದೆಯ ಮೇಲೆ ಕೈಯಿಟ್ಟು. "ನಾನ್ಯಾವ ಲೆಕ್ಕ? ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ನೆರಳಲ್ಲಿ ಇದ್ರೆ ಅದೇ ನನಗೆ ದೊಡ್ಡದು."

"ನಿಜವಾಗ್ಲೂ ಬೇಡ್ವಾ?"

ಆಣೆ ಬರಲಿಲ್ಲ, ಬರೀ ಪ್ರಶ್ನೆ ಬಂತು. ಗೇಟಿನ ಫೂಲ್ ನೆನಪಾಗಬೇಕಿದ್ದದ್ದು ಆಗ. ಗಲಾಲ್‌ಗೆ ಇದು ಎರಡನೆಯ ಸುತ್ತು ಎನ್ನುವುದಷ್ಟೇ ನೆನಪಾಯಿತು. ಎರಡನೆಯ ಸುತ್ತಿನಲ್ಲಿ ಮಾತು ಇನ್ನೂ ಎತ್ತರದಲ್ಲಿರಬೇಕು.

"ಪದವಿ ತಗೊಂಡು ಏನ್ ಮಾಡೋದು ಅಫಂದಿಂ? ಈ ಪದವಿಗಳೇ ನಮ್ಮ ದೇಶಾನ ಹಾಳು ಮಾಡಿರೋದು. ಕೆಲಸ ಮಾಡೋನಿಗೆ ಕೆಲಸವೇ ಪದವಿ."

ಮಾತು ಚೆನ್ನಾಗಿ ಬಂತೆಂದು ಅವನಿಗೇ ಅನ್ನಿಸಿತು. ತಲೆ ತಗ್ಗಿಸಿ ಆಣೆಗಾಗಿ ಕಾದ. ದಕ್ತೂರ್ ವಗ್ದಿ ಎದ್ದು ಮೇಜು ಸುತ್ತಿ ಬಂದು ಅವನನ್ನು ಅಪ್ಪಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ಈ ದೇಶಕ್ಕೆ ಬಂದಾಗಿನಿಂದ ಇಂಥ ಒಬ್ಬ ಮನುಷ್ಯನಿಗಾಗಿ ಹುಡುಕುತ್ತಿದ್ದೆ ಎಂದು ಹೇಳಿ, ಬೆನ್ನು ತಟ್ಟಿ, ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಬಾಗಿಲು ಹಿಂದೆ ಕರುಂ ಎಂದು ಮುಚ್ಚಿಕೊಂಡಿತು.

ಮರುದಿನ ಎಲ್ಲ ವಿಭಾಗಗಳ ಗೋಡೆಗೂ ಸುತ್ತೋಲೆ ಅಂಟಿತ್ತು. ಸಹೋದ್ಯೋಗಿ ಗಲಾಲ್ ಅವರ ಆದರ್ಶದಿಂದ ಪ್ರೇರಣೆ ಪಡೆದು ಕಂಪನಿಯಲ್ಲಿ ಇಂದಿನಿಂದ ಎಲ್ಲ ಪದವಿಗಳನ್ನೂ ರದ್ದು ಮಾಡಲಾಗಿದೆ, ಮೇಲಿನಿಂದ ಕೆಳಗಿನವರೆಗೆ ಎಲ್ಲರೂ 'ಖುಷಿಯ ಜೊತೆಗಾರ'ರು ಎಂದು ಅದರಲ್ಲಿತ್ತು. ಪದವಿಗೆ ಕಾದು ಕೂತಿದ್ದವನು ಗಲಾಲ್ ಒಬ್ಬನೇ ಅಲ್ಲ. ಹೆಂಡತಿಗೆ, ಬೀಗರಿಗೆ, ಬೀದಿಯ ಕಾಫಿ ಅಂಗಡಿಯವನಿಗೆ ಮಾತು ಕೊಟ್ಟಿದ್ದವರು ಆ ಕಟ್ಟಡದ ತುಂಬ ಇದ್ದರು. ಅವರೆಲ್ಲ ಅವನಿಗೆ ಶಾಪ ಹಾಕಿದರು. ಕ್ಯಾಂಟೀನಿನಲ್ಲಿ ಅವನು ಕೂತ ಮೇಜಿನಿಂದ ಜನ ತಟ್ಟೆ ಎತ್ತಿಕೊಂಡು ಹೋದರು. ಕಾರ್ಯಾಗಾರದ ಹಿರಿಯನೊಬ್ಬ ಎದುರಿಗೆ ಬಂದು, ಏನು ಮಹಾತ್ಮರೇ, ಸಂಬಳವನ್ನೂ ಬೇಡ ಅಂದುಬಿಡಿ, ನಮಗೆಲ್ಲ ಮುಕ್ತಿ ಸಿಗಲಿ ಎಂದು ಸಲಾಮು ಹೊಡೆದು ಹೋದ.

ಈಗಲೂ ಕಾಲ ಮಿಂಚಿರಲಿಲ್ಲ. ಹೋಗಿ, ನನಗೆ ಬೇಕು ಎಂದರೆ ಮುಗಿಯುತ್ತಿತ್ತು. ದಕ್ತೂರ್ ವಗ್ದಿಯಂಥ ಮೊದ್ದನಿಗೆ ಹಾಗೆ ನೇರವಾಗಿ ಹೇಳಿದರೆ ಅಷ್ಟೇ ನೇರವಾಗಿ ಕೊಟ್ಟುಬಿಡುತ್ತಿದ್ದ. ಆದರೆ ಜೀವಮಾನವೆಲ್ಲ ಬೇರೆಯವರ ಸುಖದುಃಖಕ್ಕೆ ಪದ ಜೋಡಿಸಿದವನಿಗೆ ಸ್ವಂತದ ಈ ಎರಡು ಪದ ನಾಲಿಗೆಯ ಮೇಲೆ ಹೊರಳಲಿಲ್ಲ. ಹೋಗಿ ಬಾಗಿಲಲ್ಲಿ ನಿಂತ. ಯಜಮಾನ ಏನು ವಿಷಯ ಎಂದ. ನಿಮ್ಮ ಆರೋಗ್ಯ ವಿಚಾರಿಸಿಕೊಂಡು ಹೋಗೋಣವೆಂದು ಬಂದೆ ಎಂದ ಇವನು. ಯಜಮಾನ ತನ್ನ ಆರೋಗ್ಯದ ಬಗ್ಗೆ ವಿವರವಾಗಿ ಹೇಳಿದ. ಬರುವಾಗ ಗಲಾಲ್‌ನ ಅಂಗಿಗೆ, ನಗುವ ಆಲೂಗಡ್ಡೆಯಂಥ ಮುಖವಿದ್ದ, 'ಖುಷಿಯ ಜೊತೆಗಾರ ಗಲಾಲ್' ಎಂಬ ಬಿಲ್ಲೆ ಚುಚ್ಚಿ ಕಳಿಸಿದ.

ಅದನ್ನು ಬಿಚ್ಚಲು ಮರೆತು ಅವನು ಅತ್ತೆಯ ಕೋಣೆಗೆ ಹೋಗಿಬಿಟ್ಟ. ಮುದುಕಿ ದಿಂಬಿಗೊರಗಿ ಏದುಸಿರು ಬಿಡುತ್ತಿದ್ದಳು. ಬಿಲ್ಲೆಯನ್ನು ಓದಿ, ಮುಖ ನೋಡಿ, ಏನು ನಡೆಯಿತೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ.

"ಬೇಡ ಅಂದ್ಯಾ?"

"ಮರ್ಯಾದೆಗೆ ಅಂದೆ, ಹಾನಿಮ್."

"ಗೇಟಲ್ಲಿ ಕೂತು ಕಾವಲುಗಾರನ ಫೂಲ್ ತಿಂದೋನ ಮುಂದೆ ಎಂಥಾ ಮರ್ಯಾದೆನೋ ನಿಂದು?" ಅವಳು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಅವನು ಬೆನ್ನು ನೀವಿದ. ಸುಧಾರಿಸಿಕೊಂಡು ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. "ಅಯ್ಯೋ ಪೆದ್ದಾ. ನಿನ್ನ ನಂಬ್ಕೊಂಡು ನಾನು ಇನ್ನೆಷ್ಟು ದಿನ ಅಂತ ಬದುಕ್ಲಿ? ನನ್ನ ಕೈಲಿ ಇನ್ನಾಗಲ್ಲ ಕಣೋ."

ಅವಳು ಇನ್ನು ಹೆಚ್ಚು ದಿನ ಇರಲಿಲ್ಲ. ಬೇಸಿಗೆಯ ಮೊದಲ ಬಿಸಿಗಾಳಿ ಬೀಸಿದ ವಾರ, ಮಗಳು ತಲೆ ಬಾಚುತ್ತಿದ್ದಾಗ ಹಾಗೇ ಒರಗಿಬಿಟ್ಟಳು. ಇನ್ಷಿರಾಹ್ ಬಾಚಣಿಗೆ ಹಿಡಿದುಕೊಂಡೇ ಅತ್ತಳು. ಗಲಾಲ್ ಕೂಡ ಅತ್ತ, ಮತ್ತು ಆ ಅಳು ಸುಳ್ಳಾಗಿರಲಿಲ್ಲ. ಎಷ್ಟು ಭಾಗ ಮುದುಕಿಗಾಗಿ, ಎಷ್ಟು ಭಾಗ ತನಗಾಗಿ ಎಂದು ಅವನನ್ನು ಕೇಳಿ ಪ್ರಯೋಜನವಿಲ್ಲ.

ಜನರಲ್ ಸಮೀಹ್ ಫೋನು ಮಾಡಿದ. ಪತ್ರಿಕೆಗೆ ಕೊಡುವ ಶೋಕವಾರ್ತೆಯನ್ನು ಓದುತ್ತ ಹೋದ. ತನ್ನ ಹುದ್ದೆ, ತನ್ನ ಮಕ್ಕಳ ಹುದ್ದೆ, ನ್ಯಾಯಾಧೀಶರ ಹುದ್ದೆ. ಗಲಾಲ್ ಕಣ್ಣು ಮುಚ್ಚಿಕೊಂಡು ತನ್ನ ಬೋಳು ಹೆಸರಿಗೆ ಕಾದ.

"ಮತ್ತು ಹುದ್‌ಹುದ್ ಕಾರು ಕಂಪನಿಯ ಮುದೀರ್ ಆಮ್ ಗಲಾಲ್ ಬಸ್ಯೂನಿಯವರ ಅತ್ತೆ. ಸರಿ ತಾನೇ? ಹೋದ ಸಲ ನಾನು ನೋಡೋಕೆ ಬಂದಾಗ ಅಮ್ಮ ಹೇಳಿದ್ಲು, ಕೊನೆಗೂ ಆಯ್ತು ಅಂತ. ನಿಮಗೆ ಅಭಿನಂದನೆ ಹೇಳೋಕೂ ಆಗ್ಲಿಲ್ಲ, ಗಲಾಲ್ ಬೇ."

ಗಲಾಲ್ ಫಕ್ಕನೆ ಕಣ್ಣು ತೆರೆದ. ಜೀವಮಾನದಲ್ಲಿ ಯಾರಿಗೂ ಹಲ್ಲಿನ ನೋವಿಗೂ ಸುಳ್ಳು ಸಮಾಧಾನ ಹೇಳದಿದ್ದ ಆ ಕಟುಬಾಯಿಯ ಹೆಂಗಸು, ಅವನು ಕಾಸಿದ ಕಷಾಯಕ್ಕಾಗಿ, ಮಗನ ಮುಂದೆ ಸುಳ್ಳು ಹೇಳಿ ಹೋಗಿದ್ದಳು. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ದೇವರು ಅವರನ್ನು ಕರುಣಿಸಲಿ ಎಂದ. ಮರುದಿನ ಪತ್ರಿಕೆಯಲ್ಲಿ ಬಂತು. ತಿಂಗಳಿಗೊಮ್ಮೆಯೂ ಮಾತಾಡದ ಪಕ್ಕದ ಮನೆಯ ವಕೀಲ ಮೆಟ್ಟಿಲಲ್ಲಿ ನಿಂತು ಸಂತಾಪ ಹೇಳಿ, ಧ್ವನಿ ತಗ್ಗಿಸಿ ಅಭಿನಂದನೆಯನ್ನೂ ಹೇಳಿದ. ಸಾವಿನ ಮನೆಯಲ್ಲಿ ಗಲಾಲ್ ನೆಟ್ಟಗೆ ನಡೆಯುತ್ತಿದ್ದುದನ್ನು ಎಲ್ಲರೂ ಗಮನಿಸಿದರು.

ಸಂತಾಪ ಸಭೆ ಮಸೀದಿಯ ಪಕ್ಕದ ಸಭಾಂಗಣದಲ್ಲಿ. ಬಾಗಿಲಲ್ಲಿ ಜನರಲ್, ನ್ಯಾಯಾಧೀಶ, ಆಮೇಲೆ ಗಲಾಲ್ ಸಾಲಾಗಿ ನಿಂತು ಬಂದವರ ಕೈ ಕುಲುಕುತ್ತಿದ್ದರು. ಒಳಗೆ ಕುರಾನ್ ಪಠಣ, ಸಾವಿನ ಮನೆಯ ರಿವಾಜಿನಂತೆ ಸಕ್ಕರೆಯಿಲ್ಲದ ಕಾಫಿ. ಒಂದು ಪಠಣ ಮುಗಿದು ಇನ್ನೊಂದು ಶುರುವಾಗುವ ನಡುವೆ ಕೂತವರು ಏಳುತ್ತಾರೆ, ಹೊಸಬರು ಬರುತ್ತಾರೆ. ಅಂಥ ಒಂದು ಬಿಡುವಿನಲ್ಲಿ ದಕ್ತೂರ್ ವಗ್ದಿ ಬಂದ. ಕೈಯಲ್ಲಿ ಪತ್ರಿಕೆ ಸುರುಳಿ ಸುತ್ತಿ ಹಿಡಿದಿದ್ದ. ಗಲಾಲ್‌ನ ಕೈ ಹಿಡಿದು, ಅಪ್ಪಿಕೊಂಡು, ಜನರಲ್ ಕಡೆ ತಿರುಗಿದ. ಪಾಪ, ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಇ‌ದರಲ್ಲಿ ಇವರಿಗೆ ದೊಡ್ಡ ಅನ್ಯಾಯ ಆಗಿದೆ," ಎಂದ, ಸಾಲುಸಾಲಿಗೆ ಕೇಳುವಂತೆ. "ಇವರು ಮುದೀರ್ ಆಮ್ ಅಲ್ಲ. ನಾನೇ ಕೊಡ್ತೀನಿ ಅಂದೆ, ಬೇಡ ಅಂದ್ರು. ಎರಡು ಸಲ ಕೇಳ್ದೆ, ಎರಡು ಸಲವೂ ಬೇಡ ಅಂದ್ರು. ಪದವಿಗಳೇ ದೇಶ ಹಾಳು ಮಾಡಿದ್ದು ಅಂದ ಮನುಷ್ಯ ಇವರು. ಇವರ ಹೆಸರಿಗೆ ಅದನ್ನ ಅಂಟಿಸಬಾರದಿತ್ತು."

ಕಾಫಿ ಲೋಟಗಳು ನಡುದಾರಿಯಲ್ಲಿ ನಿಂತವು. ಹುದ್ದೆಯಿಂದಲೇ ಉಸಿರಾಡುವ ಆ ಸಭೆಯಲ್ಲಿ ಸಿಕ್ಕ ಹುದ್ದೆಯನ್ನು ಬೇಡವೆನ್ನುವವನಿದ್ದಾನೆಂದು ನಂಬುವ ಒಂದು ತಲೆಯೂ ಇರಲಿಲ್ಲ. ಎಲ್ಲರಿಗೂ ತಿಳಿದದ್ದು ಇಷ್ಟೇ: ಅಳಿಯ ಸುಳ್ಳು ಹುದ್ದೆ ಹಾಕಿಸಿಕೊಂಡ, ಸಿಕ್ಕಿಬಿದ್ದ. ನ್ಯಾಯಾಧೀಶ ಮೀಸೆಯಡಿಯಲ್ಲಿ ನಕ್ಕ. ಜನರಲ್ ಸಮೀಹ್ ಗಲಾಲ್‌ನ ಕಡೆಗೆ ತಿರುಗಿದ.

"ಅಮ್ಮ ಹೇಳಿದ್ಲು, ಗಲಾಲ್ ಬೇ. ನನ್ನ ಕೈ ಹಿಡ್ಕೊಂಡು ಹೇಳಿದ್ಲು."

ಒಂದು ಮಾತಿನಲ್ಲಿ ನಿಜ ಹೇಳಬಹುದಿತ್ತು. ನನ್ನ ಆಸೆ ಅವರಿಗೆ ಗೊತ್ತಿತ್ತು, ನನಗಾಗಿ ಹೇಳಿದರು, ನಾನು ಸುಮ್ಮನಿದ್ದೆ ಎಂದಿದ್ದರೆ ಜನ ಒಂದು ವಾರ ಆಡಿಕೊಳ್ಳುತ್ತಿದ್ದರು, ಆಮೇಲೆ ಮರೆಯುತ್ತಿದ್ದರು. ಗಲಾಲ್ ಬಾಗಿಲ ಬಳಿ ನಿಂತಿದ್ದ ಗಣ್ಯರನ್ನು ನೋಡಿದ, ಜನರಲ್‌ನ ಮುಖ ನೋಡಿದ.

"ಹಾನಿಮ್‌ಗೆ ಕೊನೆಕೊನೆಗೆ ಏನೂ ನೆನಪಿರ್ತಿರ್ಲಿಲ್ಲ, ಪಾಶಾ," ಎಂದ. "ಅರಳುಮರಳು. ಪಾಪ, ಏನೇನೋ ಹೇಳ್ತಿದ್ರು."

ಅವನು ಬದುಕಿನಲ್ಲಿ ಸಾವಿರಾರು ಹೊಗಳಿಕೆ ಬರೆದಿದ್ದ, ಅವುಗಳಲ್ಲಿ ಒಂದೂ ನಿಜವಾಗಿರಲಿಲ್ಲ, ಅದನ್ನು ಕ್ಷಮಿಸಬಹುದು. ಈ ಮಾತನ್ನು ಕ್ಷಮಿಸುವುದು ನನ್ನಿಂದಾಗದು. ಜನರಲ್‌ನ ಮುಖ ಮಾತ್ರ ಸಡಿಲವಾಯಿತು. ಮನೆತನದ ಹೆಸರು ಉಳಿಯಿತು, ತಪ್ಪು ಸತ್ತವಳ ತಲೆಗೆ ಹೋಯಿತು. ಅವನು ಗಲಾಲ್‌ನ ಭುಜದ ಮೇಲೆ ಕೈಯಿಟ್ಟು, ಹಾಗಾದರೆ ನಾಳೆಯೇ ಒಂದು ತಿದ್ದುಪಡಿ ಹಾಕಿಸುತ್ತೇನೆ, ನಿಮ್ಮಂಥವರ ಹೆಸರು ಕೆಡಬಾರದು ಎಂದ.

"ಬೇಡ, ಪಾಶಾ," ಎಂದ ಗಲಾಲ್. ಅವನು ತುಂಬು ಮನಸ್ಸಿನಿಂದ ಬೇಡ ಎಂದದ್ದು ಹುಟ್ಟಿದಾಗಿನಿಂದ ಅದೊಂದೇ ಸಲ. "ದಯವಿಟ್ಟು ಬೇಡ."

ಜನರಲ್ ಸಮೀಹ್ ಕೆನಡಾದಲ್ಲಿ ಬೆಳೆದವನಲ್ಲ. ಒಳ್ಳೆಯ ಮನೆತನದವನು, ಮಾತಿನ ಮರ್ಯಾದೆ ಬಲ್ಲವನು. ಅವನು ದೇವರಾಣೆ ಹಾಕಿದ. ಗಲಾಲ್ ಮತ್ತೆ ಬೇಡವೆಂದ. ಅವನು ಮಕ್ಕಳಾಣೆ ಹಾಕಿದ. ಗಲಾಲ್ ಅವನ ತೋಳು ಹಿಡಿದುಕೊಂಡು, ಯಾಕೆ ಸುಮ್ಮನೆ, ನಿಜವಾಗಿ ಹೇಳುತ್ತಿದ್ದೇನೆ, ನನಗೆ ಬೇಡ ಎಂದು ಗೋಗರೆದ. ಜನರಲ್, ಅದೆಲ್ಲ ನನಗೆ ಬಿಡಿ ಎಂದು ಆ ಕೈಯನ್ನು ಮೃದುವಾಗಿ ಬಿಡಿಸಿ, ಬಂದವರನ್ನು ಎದುರುಗೊಳ್ಳಲು ತಿರುಗಿದ. ಒಳಗೆ ಪಠಣ ಶುರುವಾಯಿತು. ದಕ್ತೂರ್ ವಗ್ದಿ ತೃಪ್ತಿಯಿಂದ ಕಾಲ ಮೇಲೆ ಕಾಲು ಹಾಕಿ ಕೂತು ಕಾಫಿಗೆ ಸಕ್ಕರೆ ಕೇಳಿದ.

ತಿದ್ದುಪಡಿ ಚೌಕಟ್ಟಿನೊಳಗೆ ಬಂತು. ದಿವಂಗತ ಸನಿಯ್ಯಾ ಹಾನಿಮ್ ಅವರ ಕೊನೆಯ ದಿನಗಳ ಮರೆವಿನ ಕಾಯಿಲೆಯ ಕಾರಣದಿಂದ ಅವರ ಅಳಿಯನ ಹುದ್ದೆ ತಪ್ಪಾಗಿ ಪ್ರಕಟವಾಗಿತ್ತು, ಅದನ್ನು 'ಗಲಾಲ್ ಬಸ್ಯೂನಿ' ಎಂದಷ್ಟೇ ಓದಿಕೊಳ್ಳಬೇಕು ಎಂದು ಅದರಲ್ಲಿತ್ತು. ಗಲಾಲ್ ಆ ಪುಟವನ್ನು ಮಡಚಿ ಸೋಫಾದ ಕೆಳಗೆ ತಳ್ಳಿದ್ದ. ಆದರೆ ಮನಿಯಲ್‌ನಲ್ಲಿ ಶೋಕವಾರ್ತೆ ಓದದ ಮನೆಯಿಲ್ಲ. ಇನ್ಷಿರಾಹ್ ನೆರೆಮನೆಯಿಂದ ಅದೇ ಪುಟ ಹಿಡಿದುಕೊಂಡು ಬಂದಳು. ಕಪ್ಪನೆಯ ಉದ್ದ ಶಾಲು ಹೊದ್ದಿದ್ದಳು, ಮುಖ ಊದಿತ್ತು, ಆದರೆ ಅಳುತ್ತಿರಲಿಲ್ಲ.

"ನಮ್ಮಮ್ಮ ಹೋಗೋ ದಿನ ಬೆಳಿಗ್ಗೆ ನಿಮ್ಮ ಮಾತ್ರೆ ಯಾವ್ದು, ತನ್ನ ಮಾತ್ರೆ ಯಾವ್ದು ಅಂತ ಬೇರೆ ಮಾಡಿ ಕೊಟ್ಲು," ಎಂದಳು. "ಅವಳಿಗೆ ಮರೆವು ಅಂತ ಯಾರು ಹೇಳಿದ್ದು?"

ಗಲಾಲ್ ಕಿಟಕಿಯ ಕಡೆ ನೋಡಿದ. ಕೆಳಗೆ ಯಾರೋ ಹುದ್‌ಹುದ್ ಕಾರೊಂದನ್ನು ತಳ್ಳುತ್ತಿದ್ದರು.

"ಸಭೆಯಲ್ಲಿ ಯಾರೋ ಅಂದ್ರು. ಸಮೀಹ್ ಪಾಶಾನೇ ಇರ್ಬೇಕು."

ಇನ್ಷಿರಾಹ್ ಪತ್ರಿಕೆಯನ್ನು ಅವನ ಮುಂದಿನ ಮೇಜಿನ ಮೇಲೆ ಇಟ್ಟಳು.

"ಅಣ್ಣ ಈಗ ತಾನೆ ಫೋನ್ ಮಾಡಿದ್ದ," ಎಂದು ಹೇಳಿ, ಅಮ್ಮನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.